ಕರಡಿ, ಗೊಂಬೆ, ವಾಲಿಯ ವರ: ವಿಚಿತ್ರ ಪಾತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡುತ್ತೇವೆ. ನಮ್ಮ ಟೇಬಲ್‌ಗೆ ಹೊಸಬರು ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಪುಸ್ತಕದಲ್ಲಿರುವ ಎಲ್ಫ್, ಡ್ವಾರ್ಫ್ ಥರದ ಸಿದ್ಧ ಜಾತಿಗಳು ಅವರಿಗೆ ಬೇಡ. ಒಬ್ಬರಿಗೆ ಕರಡಿ ಆಗಬೇಕು, ಇನ್ನೊಬ್ಬರಿಗೆ ಜೀವ ಬಂದ ಮರದ ಗೊಂಬೆ ಆಗಬೇಕು, ಮತ್ತೊಬ್ಬರಿಗೆ ಯಾರ ಮೇಲೂ ಕೈ ಎತ್ತದ ವೈದ್ಯ ಆಗಬೇಕು. ಕೊಪ್ಪಳ, ಗಂಗಾವತಿ, ರಾಯಚೂರಿನಲ್ಲಿ ಹೊಸದಾಗಿ ಆಟ ನಡೆಸುವ ಗೆಳೆಯರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಆಟ? ನನಗೆ ಏನೂ ಗೊತ್ತಿಲ್ಲ.

ನಾಲ್ಕೈದು ಜನ ಸುತ್ತ ಕೂತು, ಮಾತಿನಲ್ಲೇ ಕಥೆ ಕಟ್ಟುತ್ತ ಆಡುವ ಆಟ. ಒಬ್ಬರು ಆಟ ನಡೆಸುತ್ತಾರೆ, ಅವರಿಗೆ ಗೇಮ್ ಮಾಸ್ಟರ್ ಅಥವಾ ಡಿಎಂ (ಡಂಜನ್ ಮಾಸ್ಟರ್) ಅನ್ನುತ್ತೇವೆ. ಊರು, ಕಾಡು, ಶತ್ರು, ದಾರಿಹೋಕರು ಎಲ್ಲ ಅವರ ಕೈಯಲ್ಲಿ. ಉಳಿದವರದು ತಲಾ ಒಂದು ಪಾತ್ರ. "ನಾನು ಬಾಗಿಲು ಒದೀತೀನಿ" ಅಂತ ನೀವು ಹೇಳುತ್ತೀರಿ. ಬಾಗಿಲು ಮುರಿಯಿತೋ ಕಾಲು ನೋವಾಯಿತೋ ದಾಳ ಹೇಳುತ್ತದೆ.

ಇದರಲ್ಲಿ ಎಲ್ಲರೂ ಕೇಳಿರುವ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಅದನ್ನು ಹೊರತಂದರು. 2014ರಲ್ಲಿ ಬಂದ ಅದರ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಪುಕ್ಕಟೆ ಸಿಗುತ್ತಿವೆ. ಶುರು ಮಾಡಲು ದುಡ್ಡು ಬೇಕಿಲ್ಲ. 20 ಮುಖದ ದಾಳ ಸಿಗದಿದ್ದರೆ ಫೋನಿನಲ್ಲೇ ಉರುಳಿಸಬಹುದು. ಕೆಳಗೆ ಹೇಳುವ ಲೆಕ್ಕಗಳೆಲ್ಲ ಈ ಪುಕ್ಕಟೆ ನಿಯಮಗಳನ್ನು ಇಟ್ಟುಕೊಂಡೇ ಹೇಳಿದ್ದು. ಬೇರೆ ಪುಸ್ತಕದ್ದಾದರೆ ಅಲ್ಲಲ್ಲೇ ತಿಳಿಸಿದ್ದೇನೆ.

ವೇಷ ಹಾಕಿ ಇನ್ನೊಬ್ಬರಾಗಿ ಮಾತಾಡುವುದು ನಮ್ಮ ಕಡೆಗೆ ಹೊಸದಲ್ಲ. ಹಗಲುವೇಷದವರು ಮನೆ ಮುಂದೆ ನಿಂತು ರಾಮಾಯಣದ ಪಾತ್ರ ಆಡುವುದನ್ನು ನೋಡಿ ಬೆಳೆದವರಿಗೆ ಈ ಆಟ ಬಹಳ ಬೇಗ ಹಿಡಿಯುತ್ತದೆ.

ಯಾರಾದರೂ "ಅಣ್ಣಾ, ನಾ ದರೋಜಿ ಕರಡಿ ಆಗ್ತೀನಿ" ಅಂದ್ರೆ ಮೊದಲು ಏನು ಮಾಡಬೇಕು?

ತಕ್ಷಣ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. "ಕರಡಿಯಲ್ಲಿ ನಿನಗೆ ಇಷ್ಟ ಆಗಿದ್ದು ಏನು?" ಅಂತ ಕೇಳಿ.

ಉತ್ತರ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಒಬ್ಬನಿಗೆ ಬೇಕಾಗಿರುವುದು ಬರೀ ಬಲ. ಇನ್ನೊಬ್ಬಳಿಗೆ ಊರೆಲ್ಲ ಕಂಡು ಓಡುವ, ಆದರೆ ಯಾರಿಗೂ ಕೇಡು ಬಯಸದ ಜೀವದ ಸಂಕಟ ಆಡಿ ನೋಡಬೇಕು. ಮತ್ತೊಬ್ಬನಿಗೆ ಮನುಷ್ಯರ ರೀತಿನೀತಿ ಗೊತ್ತಿಲ್ಲದೆ ಸಂತೆಯಲ್ಲಿ ಪೇಚಿಗೆ ಸಿಕ್ಕಿಕೊಳ್ಳುವ ನಗು ಬೇಕು. ಮೂವರೂ ಹೇಳಿದ್ದು "ಕರಡಿ" ಅಂತಲೇ. ಆದರೆ ಮೂವರಿಗೂ ಬೇಕಾಗಿರುವ ಆಟ ಬೇರೆ.

ಬಲ ಬೇಕಾದವನಿಗೆ ಬಲ ಕೊಟ್ಟರೆ ಸಾಕು, ಉಳಿದದ್ದೆಲ್ಲ ವಿವರ. ಸಂಕಟ ಬೇಕಾದವಳಿಗೆ ಎಷ್ಟು ಬಲ ಕೊಟ್ಟರೂ ಪ್ರಯೋಜನ ಇಲ್ಲ. ಅವಳಿಗೆ ಬೇಕಾಗಿರುವುದು ಹೆದರುವ ಊರು ಮತ್ತು ಹೆದರದ ಒಂದು ಮಗು. ಅದನ್ನು ಆಟ ನಡೆಸುವವರು ಕಥೆಯಲ್ಲೇ ತಂದಿಡಬೇಕು. ಎಷ್ಟೋ ಸಲ ಈ ಪ್ರಶ್ನೆ ಕೇಳಿದ ಮೇಲೆ ಆಟಗಾರರೇ "ಹಂಗಾದ್ರ ಕರಡೀನೇ ಬೇಕಂತಿಲ್ಲ ಬಿಡಣ್ಣ" ಅಂದುಬಿಡುತ್ತಾರೆ. ಅದೂ ಒಳ್ಳೆಯದೇ. ಆದರೆ ಆ ಮಾತು ಅವರ ಬಾಯಿಂದ ಬರಬೇಕು. ನಾವು ಅವರ ಬಾಯಿಗೆ ತುರುಕಬಾರದು.

ಸರಿ, ಕರಡಿಯೇ ಬೇಕಂತೆ. ನಿಯಮ ಎಲ್ಲಿಂದ ತರೋದು?

ಹೊಸ ನಿಯಮ ಬರೆಯಲು ಹೋಗಬೇಡಿ. ಇದ್ದ ನಿಯಮಕ್ಕೇ ಬೇರೆ ವೇಷ ಹಾಕಿ. ಇದಕ್ಕೆ ಆಟದವರು ರೀಸ್ಕಿನ್ ಅನ್ನುತ್ತಾರೆ. ಲೆಕ್ಕ ಹಳೆಯದು, ವರ್ಣನೆ ಹೊಸದು. ಪುಸ್ತಕದ ಲೆಕ್ಕವನ್ನು ಸಾವಿರಾರು ಜನ ಆಡಿ ನೋಡಿದ್ದಾರೆ. ನಾವು ರಾತ್ರಿ ಕೂತು ಬರೆದದ್ದನ್ನು ಯಾರೂ ಆಡಿ ನೋಡಿಲ್ಲ.

ನಮ್ಮ ಕರಡಿಯನ್ನು ಹೀಗೆ ಕಟ್ಟಿದೆವು. ಕ್ಲಾಸ್, ಅಂದರೆ ಪಾತ್ರದ ಕಸುಬು, ಬಾರ್ಬೇರಿಯನ್ ಅನ್ನುವ ಸಿಟ್ಟಿನ ಯೋಧ. ಮೊದಲ ಲೆವೆಲ್‌ನಲ್ಲೇ 12 ಮುಖದ ಹಿಟ್ ಡೈ ಇರುತ್ತದೆ, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಹುದು ಅನ್ನುವ ಲೆಕ್ಕ) ಬರುವುದು ಆ ದಾಳದಿಂದ. ರೇಜ್ (ಸಿಟ್ಟಿನ ಆವೇಶ) ಬಂದರೆ ಕತ್ತಿ, ಬಾಣ, ದೊಣ್ಣೆಯ ಪೆಟ್ಟು ಅರ್ಧವೇ ತಾಗುತ್ತದೆ. ಸಿಟ್ಟಿಗೆದ್ದ ಕರಡಿ ಅಂದರೆ ಅದೇ ತಾನೇ? ಹುಟ್ಟಿನ ಗುಣಗಳನ್ನು ಅರ್ಧ ಮನುಷ್ಯ, ಅರ್ಧ ರಾಕ್ಷಸ ಜಾತಿಯ ಹಾಫ್-ಆರ್ಕ್‌ನಿಂದ ತೆಗೆದುಕೊಂಡೆವು. ಹಾಫ್-ಆರ್ಕ್‌ಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ, ಕರಡಿಯೂ ರಾತ್ರಿ ತಿರುಗುವ ಪ್ರಾಣಿ. ಹೆದರಿಸುವ ಕೌಶಲ ತಾನಾಗಿ ಬರುತ್ತದೆ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದಾಗ, ಒಂದು ಉದ್ದ ವಿಶ್ರಾಂತಿಗೆ (ಒಂದು ರಾತ್ರಿಯ ನಿದ್ದೆಯಷ್ಟು) ಒಂದು ಸಲ, ಬೀಳದೆ 1ರಲ್ಲಿ ನಿಲ್ಲಬಹುದು. ಉಗುರಿಗೆ ಕೈಕೊಡಲಿಯ ಲೆಕ್ಕ, ಅಂದರೆ 6 ಮುಖದ ದಾಳ. ಇಲ್ಲಿಯ ತನಕ ಒಂದು ಸಾಲನ್ನೂ ಹೊಸದಾಗಿ ಬರೆಯಬೇಕಾಗಲಿಲ್ಲ.

ಆಮೇಲೆ ನಿಜವಾದ ಕರಡಿಯನ್ನು ನೋಡಿದೆವು. 1994ರಿಂದ ಇರುವ ದರೋಜಿ ಕರಡಿಧಾಮ ನಮಗೆ ದೂರದ್ದಲ್ಲ. ಅಲ್ಲಿ ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳ ಮೇಲೆ ಸಿಹಿ ಸವರುತ್ತಾರೆ. ಸಂಜೆ ಹೊತ್ತಿಗೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಜನ ದೂರದ ಗೋಪುರದಿಂದ ನೋಡುತ್ತಾರೆ. ಈ ಜಾತಿಯ ಕರಡಿಗೆ ಗೆದ್ದಲು ಮತ್ತು ಜೇನು ಅಂದರೆ ಪ್ರಾಣ. ಕಣ್ಣು ಮಂದ, ಮೂಗು ಬಲು ಚುರುಕು. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಇದೆಲ್ಲ ನೇರವಾಗಿ ಪಾತ್ರದ ಹಾಳೆಗೆ ಬಂತು. ದೂರದ್ದನ್ನು ಗುರುತಿಸಬೇಕಾದರೆ ಎರಡು ದಾಳ ಹಾಕಿ ಕಮ್ಮಿ ಬಂದದ್ದನ್ನು ಇಟ್ಟುಕೊಳ್ಳಬೇಕು. ವಾಸನೆ ಹಿಡಿಯಬೇಕಾದರೆ ಎರಡು ಹಾಕಿ ಜಾಸ್ತಿ ಬಂದದ್ದು. ಜೇನಿನ ವಾಸನೆ ಬಂದರೆ ವಿಸ್‌ಡಮ್ ಸೇವ್ (ಮನಸ್ಸು ಹಿಡಿತದಲ್ಲಿ ಉಳಿಯಿತೋ ಅಂತ ನೋಡುವ ದಾಳ), ತಪ್ಪಿದರೆ ಒಂದು ಸುತ್ತು ಆ ಕಡೆ ಹೋಗಲೇಬೇಕು. ಪಾರ್ಟಿಯಲ್ಲಿದ್ದ (ಆಟಗಾರರ ಪಾತ್ರಗಳ ಗುಂಪು) ಕುಳ್ಳ ಜಾತಿಯ ಪುಟ್ಟ ಹಾಫ್ಲಿಂಗ್ ಕರಡಿಯ ಬೆನ್ನೇರಿ ಕೂರಬಹುದು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ದರೋಜಿಯಿಂದ ಬಂದದ್ದು. ಟೇಬಲ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆಯಾದದ್ದೂ ಇದೇ.

ಮಾತು ಹೇಗೆ ಬಂತು ಅನ್ನುವುದಕ್ಕೂ ನಿಯಮದಲ್ಲೇ ದಾರಿ ಇದೆ. ಅವೇಕನ್ ಅಂತ ಐದನೇ ಹಂತದ ಮಂತ್ರ. ಎಂಟು ಗಂಟೆ ಕೂತು ಹಾಕಬೇಕು. ಪ್ರಾಣಿಗೆ 10 ಇಂಟೆಲಿಜೆನ್ಸ್ (ಸಾಮಾನ್ಯ ಮನುಷ್ಯನಷ್ಟು ಬುದ್ಧಿ) ಬರುತ್ತದೆ, ಮಂತ್ರ ಹಾಕಿದವರಿಗೆ ಗೊತ್ತಿರುವ ಒಂದು ಭಾಷೆಯೂ ಬರುತ್ತದೆ. ಹಾಗಾದರೆ ಈ ಕರಡಿಗೆ ಮಂತ್ರ ಹಾಕಿದ್ದು ಯಾರು? ಈಗ ಅವರು ಎಲ್ಲಿದ್ದಾರೆ? ಕಥೆಯ ಮೊದಲ ಎಳೆ ಅಲ್ಲೇ ಸಿಕ್ಕಿತು.

ಇದೆಲ್ಲ ಮೂಲ ಆಟಕ್ಕೆ ದ್ರೋಹ ಅಲ್ವಾ? ಎಲ್ಫ್, ಡ್ವಾರ್ಫ್, ಮನುಷ್ಯ ಅಂತ ಇಟ್ಟಿರೋದು ಯಾಕೆ ಮತ್ತೆ?

ಮೂಲ ಆಟದಲ್ಲೇ ಇದಕ್ಕೆ ಜಾಗ ಇತ್ತು. ಆಟಗಾರ ಹೆಚ್ಚುಕಮ್ಮಿ ಏನು ಬೇಕಾದರೂ ಆಗಬಹುದು, ಡ್ರ್ಯಾಗನ್ ಆಗುತ್ತೇನೆ ಅಂದರೂ ಸರಿ, ಆದರೆ ಎಳೆಯ ಡ್ರ್ಯಾಗನ್ ಆಗಿ ಶುರು ಮಾಡಿ ಎಲ್ಲರ ಹಾಗೆ ಹಂತ ಹಂತವಾಗಿ ಮೇಲೆ ಬರಬೇಕು ಅನ್ನುವ ಅರ್ಥದ ಮಾತು 1974ರ ಮೊದಲ ಪುಸ್ತಕದಲ್ಲೇ ಇದೆ. ಇನ್ನೂ ಹಿಂದೆ ಹೋದರೆ, ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಅನ್ನುವ ವ್ಯಾಂಪೈರ್ ಒಬ್ಬ ಆಟಗಾರನ ಪಾತ್ರವಾಗಿತ್ತು. ಅವನ ಹಾವಳಿ ತಡೆಯಲು ಇನ್ನೊಂದು ಪಾತ್ರ ಹುಟ್ಟಿಕೊಂಡಿತು. ಇವತ್ತು ಪಾರ್ಟಿಯಲ್ಲಿ ಗಾಯ ವಾಸಿ ಮಾಡುವ ಕ್ಲೆರಿಕ್ ಬೆಳೆದದ್ದು ಅಲ್ಲಿಂದ. ಒಂದು ವಿಚಿತ್ರ ಪಾತ್ರ ಇಡೀ ಆಟಕ್ಕೆ ಹೊಸ ಕ್ಲಾಸ್ ಕೊಟ್ಟಿತು ಅಂತಾಯ್ತು.

1979ರ ಹೊತ್ತಿಗೆ ಗೈಗ್ಯಾಕ್ಸ್ ಅವರೇ, ರಾಕ್ಷಸರನ್ನು ಆಟಗಾರರ ಪಾತ್ರ ಮಾಡಬೇಡಿ ಅಂತ ಬುದ್ಧಿ ಹೇಳಿ ಬರೆದರು. 2003ರ 3.5 ಆವೃತ್ತಿಯಲ್ಲಿ ಬಲವಾದ ಪ್ರಾಣಿ ಆಗುವವರಿಗೆ ಕೆಲವು ಲೆವೆಲ್ ಕಮ್ಮಿ ಕೊಡುವ ಲೆಕ್ಕ ಇತ್ತು. ಕಾಗದದ ಮೇಲೆ ಅದು ಸರಿ ಕಾಣುತ್ತದೆ. ಆಡುವಾಗ ಆ ಪಾತ್ರಗಳಿಗೆ ಹಿಟ್ ಪಾಯಿಂಟ್ ಕಮ್ಮಿ ಬಿದ್ದು ಬೇಗ ಸಾಯುತ್ತಿದ್ದವು. ನನ್ನ ಪ್ರಕಾರ 1974ರ ಮಾತೇ ಇವತ್ತಿಗೂ ಗಟ್ಟಿ. ಏನು ಬೇಕಾದರೂ ಆಗು, ಆದರೆ ಎಳೆಯದಾಗಿ ಶುರು ಮಾಡು.

ಒಬ್ಬ ವಾಲಿಯ ವರ ಬೇಕು ಅಂತಾನೆ. ಎದುರು ನಿಂತವರ ಅರ್ಧ ಬಲ ಅವನಿಗೆ! ಇದನ್ನ ಹೇಗೆ ಕೊಡೋದು?

ಆನೆಗುಂದಿ ಕಡೆಯವರು ಟೇಬಲ್‌ನಲ್ಲಿದ್ದರೆ ಇದು ಬಂದೇ ಬರುತ್ತದೆ. ಕಿಷ್ಕಿಂಧೆ ಅವರ ಊರ ಕಥೆ. ಕೊಡಬಹುದು. ಆದರೆ ಮೊದಲು ಅದರ ತೂಕ ನೋಡಿ.

ಪುಕ್ಕಟೆ ನಿಯಮದಲ್ಲಿರುವ ಓಗರ್ ಅನ್ನುವ ದೈತ್ಯನನ್ನು ತೆಗೆದುಕೊಳ್ಳಿ. ಅದಕ್ಕೆ 59 ಹಿಟ್ ಪಾಯಿಂಟ್. ಮೊದಲ ಲೆವೆಲ್‌ನ ಯೋಧ ಒಂದು ಕತ್ತಿ ಪೆಟ್ಟಿಗೆ ಸರಾಸರಿ ಏಳೆಂಟು ಕಳೆಯುತ್ತಾನೆ. ವರವನ್ನು ಮಾತಿಗೆ ಮಾತು ಹಾಗೇ ಕೊಟ್ಟರೆ ಎದುರು ನಿಂತ ಕೂಡಲೇ 29 ಹೋಯಿತು. ಗುರಿ ತಪ್ಪದೆ ಹೊಡೆದ ನಾಲ್ಕು ಪೆಟ್ಟು ಪುಕ್ಕಟೆ ಬಂದ ಹಾಗೆ. ಮುಂದೆ 200 ಹಿಟ್ ಪಾಯಿಂಟ್‌ನ ಡ್ರ್ಯಾಗನ್ ಬಂದರೆ ನೂರು ಹೋಗುತ್ತದೆ. ಶತ್ರು ದೊಡ್ಡವನಾದಷ್ಟೂ ವರವೂ ದೊಡ್ಡದಾಗುತ್ತದೆ. ಪಕ್ಕದಲ್ಲಿ ಕೂತ ಗೆಳತಿ ನಾಲ್ಕೈದು ಸುತ್ತು ಬಾಣ ಬಿಟ್ಟು ಮಾಡುವ ಕೆಲಸ ಇವನು ಸುಮ್ನೆ ನಿಂತು ಮಾಡಿದರೆ ಅವಳು ಯಾಕೆ ಆಡಬೇಕು?

ಈಗ ಕಥೆಗೆ ಬನ್ನಿ. ವಾಲಿಯ ವರಕ್ಕೆ ಕಥೆಯೇ ಎರಡು ಬಾಗಿಲು ಇಟ್ಟಿದೆ. ವರ ನಡೆಯುವುದು ಎದುರಿಗೆ ಬಂದವರ ಮೇಲೆ ಮಾತ್ರ, ಅದಕ್ಕೇ ರಾಮ ಮರದ ಮರೆಯಿಂದ ಬಾಣ ಬಿಟ್ಟ ಅಂತ ನಮ್ಮ ಕಡೆ ಕಥೆ ಹೇಳುತ್ತಾರೆ. ಇನ್ನೊಂದು, ಮತಂಗ ಋಷಿಯ ಶಾಪದಿಂದ ವಾಲಿ ಋಷ್ಯಮೂಕದ ಮೇಲೆ ಕಾಲಿಡುವ ಹಾಗಿರಲಿಲ್ಲ. ಸುಗ್ರೀವ ಬದುಕಿ ಉಳಿದದ್ದೇ ಅಲ್ಲಿ ಅಡಗಿ.

ನಾವು ಹೀಗೆ ಬರೆದೆವು. ಶತ್ರು 5 ಅಡಿ ಒಳಗೆ ಇರಬೇಕು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಬೇಕು. ಆಗ ಒಂದು ನಿಮಿಷ, ಅಂದರೆ 10 ಸುತ್ತು, ಆ ಒಬ್ಬ ಶತ್ರು ಇವನಿಗೆ ಕೊಡುವ ಪೆಟ್ಟು ಅರ್ಧ. ಶತ್ರುವಿನ ಹಿಟ್ ಪಾಯಿಂಟ್ ಮುಟ್ಟುವುದಿಲ್ಲ. ಒಂದು ಉದ್ದ ವಿಶ್ರಾಂತಿಗೆ ಒಂದೇ ಸಲ. ಮರೆಯಿಂದ ಬಂದ ಬಾಣ, ಬೆನ್ನ ಹಿಂದಿನ ಪೆಟ್ಟು ಪೂರ್ತಿ ತಾಗುತ್ತದೆ. ನಕ್ಷೆಯ ಮೇಲೆ ಒಂದು ಬೆಟ್ಟವನ್ನು ಆಟಗಾರನೇ ಆರಿಸಬೇಕು. ಅಲ್ಲಿಗೆ ಅವನು ಕಾಲಿಡುವ ಹಾಗಿಲ್ಲ.

ಆಡುವಾಗ ಏನಾಯಿತು ನೋಡಿ. ಗುಹೆಯ ಬಾಯಲ್ಲಿ ಓಗರ್ ಎದುರು ಅವನು ಎದೆ ಕೊಟ್ಟು ನಿಂತ. ಮೇಲಿನ ಬಂಡೆಯ ಹಿಂದೆ ಇಬ್ಬರು ಬಿಲ್ಲುಗಾರರು ಇದ್ದಾರೆ ಅಂತ ಗೊತ್ತಾದ ಕೂಡಲೇ ಪಕ್ಕದ ಹುಡುಗಿ "ನಿನ್ನ ಬೆನ್ನು ನಾ ನೋಡ್ತೀನಿ, ನೀ ಮುಂದ ನೋಡು" ಅಂದಳು. ತನ್ನ ಗುರಾಣಿ ಹಿಡಿದು ಅವನ ಬೆನ್ನಿಗೆ ಬೆನ್ನು ಕೊಟ್ಟು ನಿಂತಳು. ವರ ಅವನದು, ಆದರೆ ಅದು ಕೆಲಸ ಮಾಡಬೇಕಾದರೆ ಅವಳು ಬೇಕು. ಮುಂದೆ ಶತ್ರುಗಳು ಆ ಬೆಟ್ಟದ ಮೇಲೆ ಓಡಿ ಹೋಗಿ ಕೂತಾಗ ಉಳಿದ ಮೂವರೇ ಹತ್ತಿದರು. ಆ ರಾತ್ರಿ ಅವನು ಕೆಳಗೆ ನಿಂತು ಕೂಗಿ ಕೂಗಿ ದಾರಿ ಹೇಳುತ್ತಿದ್ದ.

ಯಾವುದೇ ಅತಿ ಬಲದ ಪಾತ್ರ ಬಂದರೂ ನಾನು ಇದನ್ನೇ ಮಾಡುತ್ತೇನೆ. ಬಲವನ್ನು ಹೊರಗಿನಿಂದ ಕತ್ತರಿಸಲು ಹೋಗುವುದಿಲ್ಲ, ಅದರ ಕಥೆಯೊಳಗೇ ಇರುವ ಬಿರುಕು ಹುಡುಕುತ್ತೇನೆ. ಅಂಥ ಮಿತಿಯ ಬಗ್ಗೆ ಆಟಗಾರರು ಜಗಳ ಆಡುವುದಿಲ್ಲ. ಅದು ಅವರಿಗೂ ಮೊದಲೇ ಗೊತ್ತಿರುವ ಕಥೆ.

ಹಾರೋ ಪಾತ್ರ ಕೊಡಬಹುದಾ?

ಮೊದಲ ಲೆವೆಲ್‌ನಲ್ಲಿ ಹುಷಾರು. ಹಾರುವ ಮಂತ್ರ ಮೂರನೇ ಹಂತದ್ದು, ಉಳಿದವರ ಕೈಗೆ ಅದು ಸಿಗುವುದು ಐದನೇ ಲೆವೆಲ್‌ನಲ್ಲಿ. ಅಲ್ಲಿಯ ತನಕ ಕೋಟೆ ಗೋಡೆ, ಹೊಳೆ, ಕಂದಕ ಎಲ್ಲ ನಿಜವಾದ ಅಡ್ಡಿ. ರಾಯಚೂರು ಕೋಟೆಗೆ ನುಗ್ಗುವುದೇ ಆವತ್ತಿನ ಆಟ ಅಂದಾಗ ಒಬ್ಬನು ಹಾರಿ ಹೋಗಿ ಬಾಗಿಲು ತೆಗೆದರೆ ಆಟ ಅಲ್ಲಿಗೇ ಮುಗಿಯಿತು. ಮೊದಲು ಎತ್ತರದಿಂದ ತೇಲಿ ಇಳಿಯುವ ರೆಕ್ಕೆ ಕೊಡಿ. ಮೂರನೇ ಲೆವೆಲ್‌ಗೆ ಒಂದು ನೆಗೆತ ಹಾರಲಿ, ಐದಕ್ಕೆ ಪೂರ್ತಿ ಹಾರಲಿ.

ಕಿನ್ನಾಳ ಗೊಂಬೆಗೆ ಜೀವ ಬಂದ ಪಾತ್ರ?

ನನಗೆ ಬಹಳ ಇಷ್ಟವಾದ ಪಾತ್ರ ಇದು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆತನದವರು ಹಗುರವಾದ ಮರದಲ್ಲಿ ಕೆತ್ತಿ, ಗಾಢ ಬಣ್ಣ ಹಚ್ಚಿ ಮಾಡುವ ಗೊಂಬೆ. ಇದಕ್ಕೂ ನಿಯಮ ಸಿದ್ಧ ಇದೆ. 2004ರಲ್ಲಿ ಬಂದ ಎಬೆರಾನ್ ಲೋಕದಲ್ಲಿ ವಾರ್‌ಫೋರ್ಜ್ಡ್ ಅನ್ನುವ, ಮನುಷ್ಯರು ಮಾಡಿದ ಜೀವಿಗಳಿವೆ. ಅವಕ್ಕೆ ಊಟ, ನೀರು, ಉಸಿರು ಬೇಕಿಲ್ಲ. ಆ ಹಾಳೆಯನ್ನೇ ತೆಗೆದುಕೊಳ್ಳಿ, ಕಬ್ಬಿಣ ಇದ್ದಲ್ಲಿ ಮರ ಅಂತ ಬರೆಯಿರಿ.

ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ. ಗಾಯ ವಾಸಿ ಮಾಡುವ ಮಂತ್ರ ಗೊಂಬೆಗೆ ತಾಗುತ್ತದಾ? 2014ರ ನಿಯಮದಲ್ಲಿ ಕ್ಯೂರ್ ವೂಂಡ್ಸ್ ಮಂತ್ರ ಯಂತ್ರದಂಥ ಜೀವಿಗಳ ಮೇಲೆ ನಡೆಯುವುದಿಲ್ಲ. ಆದರೆ ಆ ಆವೃತ್ತಿಯ ವಾರ್‌ಫೋರ್ಜ್ಡ್ ಅನ್ನು ಮನುಷ್ಯ ಜಾತಿಯ ಲೆಕ್ಕಕ್ಕೇ ಸೇರಿಸಿದ್ದಾರೆ, ಹಾಗಾಗಿ ನಡೆಯುತ್ತದೆ. ಗೊಂಬೆಗೂ ನಡೆಯಲಿ ಬಿಡಿ. ಇಲ್ಲದಿದ್ದರೆ ಒಂದು ಹೊಡೆದಾಟ ಆದ ಮೇಲೆ ಆ ಆಟಗಾರ ಸುಮ್ನೆ ಕೂರಬೇಕಾಗುತ್ತದೆ. ಮಂತ್ರ ಹಾಕಿದಾಗ ಸೀಳು ಕೂಡಿಕೊಳ್ಳುತ್ತದೆ, ಬಣ್ಣ ಮಾತ್ರ ವಾಪಸ್ ಬರುವುದಿಲ್ಲ ಅಂತ ವರ್ಣಿಸಿ. ಬಣ್ಣ ಹಚ್ಚಿಸಿಕೊಳ್ಳಲು ಚಿತ್ರಗಾರರ ಹತ್ತಿರ ಹೋಗಬೇಕು. ತನ್ನನ್ನು ಕೆತ್ತಿದ ಮನೆಗೆ ಗೊಂಬೆ ವಾಪಸ್ ಹೋಗುವ ಆಟ ಇಡೀ ಒಂದು ಸಂಜೆ ನಡೆಯುತ್ತದೆ.

ನನ್ನ ಪಾತ್ರ ಯಾರನ್ನೂ ಹೊಡೆಯಲ್ಲ. ನಡೆಯುತ್ತಾ?

ಚೆನ್ನಾಗಿ ನಡೆಯುತ್ತದೆ. ಒಂದು ಮಾತು ಮಾತ್ರ ಮೊದಲೇ ಇತ್ಯರ್ಥ ಆಗಬೇಕು. ನೀವು ಹೊಡೆಯುವುದಿಲ್ಲವೋ, ಬೇರೆಯವರಿಗೂ ಹೊಡೆಯಲು ಬಿಡುವುದಿಲ್ಲವೋ? ಮೊದಲನೆಯದು ನಿಮ್ಮ ಪಾತ್ರದ ವ್ರತ. ಎರಡನೆಯದು ಇಡೀ ಟೇಬಲ್‌ನ ಆಟವನ್ನು ನೀವೇ ತೀರ್ಮಾನಿಸಿದ ಹಾಗೆ.

ಹೊಡೆಯದೆ ಮಾಡುವ ಕೆಲಸ ಬೇಕಾದಷ್ಟಿದೆ. ಗೆಳೆಯರಿಗೆ ಹೆಲ್ಪ್ ಮಾಡಿ ಅವರಿಗೆ ಎರಡು ದಾಳ ಕೊಡಿಸಬಹುದು. ಗೆಳೆಯರ ದಾಳಕ್ಕೆ ಬಲ ಕೊಡುವ ಬ್ಲೆಸ್ ಮಂತ್ರ ಇದೆ. ಸ್ಯಾಂಕ್ಚುಯರಿ ಮಂತ್ರ ಇಂಥವರಿಗೇ ಮಾಡಿದ ಹಾಗಿದೆ, ಅದು ಇರುವ ತನಕ ನಿಮ್ಮ ಮೇಲೆ ಬೀಳುವುದು ಶತ್ರುವಿಗೆ ಸುಲಭ ಅಲ್ಲ. ನೀವೇ ಕೈ ಎತ್ತಿದರೆ ಅದು ಮುರಿಯುತ್ತದೆ. ಹತ್ತಿರದಿಂದ ಹೊಡೆದು ಶತ್ರುವನ್ನು ಸೊನ್ನೆಗೆ ಇಳಿಸಿದವರು, ಕೊಲ್ಲದೆ ಬರೀ ಪ್ರಜ್ಞೆ ತಪ್ಪಿಸಬಹುದು ಅನ್ನುವ ನಿಯಮವೂ ಇದೆ. ನಿಮ್ಮ ವೈದ್ಯ ಪ್ರತಿ ಸಲ "ಕೊಲ್ಲಬೇಡ ತಮ್ಮಾ" ಅಂತ ಕೇಳಿಕೊಳ್ಳಲಿ, ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೊಲ್ಲದೆ ಬಿಟ್ಟ ಶತ್ರು ಮುಂದೆ ತಿರುಗಿ ಬರುವ ಹಾಗೆ ಡಿಎಂ ನೋಡಿಕೊಂಡರೆ ಆ ಕೋರಿಕೆಗೂ ಬೆಲೆ ಬರುತ್ತದೆ.

ನನ್ನದು ಒಬ್ಬಂಟಿ ಪಾತ್ರ. ಯಾರನ್ನೂ ನಂಬಲ್ಲ, ಗೆಳೆಯರ ದುಡ್ಡೂ ಕದೀತಾನೆ.

ಕರಡಿಗಿಂತ, ಡ್ರ್ಯಾಗನ್‌ಗಿಂತ ಇದು ಕಷ್ಟದ ಪಾತ್ರ. ನೋಡಲು ಮಾಮೂಲಿ ಮನುಷ್ಯ, ಆದ್ದರಿಂದ ಡಿಎಂ ಯೋಚನೆ ಮಾಡದೆ ಹೂಂ ಅಂದುಬಿಡುತ್ತಾರೆ. ಆಮೇಲೆ ಟೇಬಲ್ ಒಡೆಯುವುದು ಇಂಥ ಪಾತ್ರದಿಂದಲೇ.

ನಾನು ಒಂದೇ ಷರತ್ತು ಹಾಕುತ್ತೇನೆ. ಈ ಪಾತ್ರ ಈ ಜನರ ಜೊತೆಗೇ ಯಾಕೆ ಇದೆ ಅನ್ನುವುದಕ್ಕೆ ಆಟಗಾರರೇ ಕಾರಣ ಬರೆದು ಕೊಡಬೇಕು. ಸಾಲ ಇರಬಹುದು, ಕೊಟ್ಟ ಮಾತು ಇರಬಹುದು, ಪಾರ್ಟಿಯಲ್ಲಿ ಒಬ್ಬಳು ಅವನ ತಂಗಿ ಇರಬಹುದು. "ನಮ್ಮ ಪಾತ್ರ ಇರೋದೇ ಹಂಗ, ನಾ ಏನ್ ಮಾಡ್ಲಿ" ಅನ್ನುವ ಮಾತು ಒಪ್ಪುವುದಿಲ್ಲ. ಪಾತ್ರವನ್ನು ಹಾಗೆ ಮಾಡಿದ್ದು ನೀವು, ಬೇರೆ ಥರ ಮಾಡಲೂ ನಿಮಗೆ ಬರುತ್ತದೆ. ಗೆಳೆಯರಿಂದ ಕದಿಯುವುದಾದರೆ ಯಾರಿಂದ ಕದಿಯುತ್ತೀರೋ ಆ ಆಟಗಾರರು ಮೊದಲೇ ಒಪ್ಪಿರಬೇಕು. ಪಾತ್ರಕ್ಕೆ ಗೊತ್ತಿರಬೇಕಿಲ್ಲ, ಆಟಗಾರರಿಗೆ ಗೊತ್ತಿರಬೇಕು.

ಒಬ್ಬರೇ ಅವಳಿ ಮಕ್ಕಳ ಪಾತ್ರ ಮಾಡಬಹುದಾ? ಜೇನುಹಿಂಡು ಆಗಬಹುದಾ?

ಮಾತಿನಲ್ಲಿ ಎಷ್ಟು ಜನ ಬೇಕಾದರೂ ಆಗಿ, ಲೆಕ್ಕದಲ್ಲಿ ಒಬ್ಬರೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತೊಗಲುಗೊಂಬೆಯಾಟ ನೆನಪು ಮಾಡಿಕೊಳ್ಳಿ. ಆ ಕಲೆಯಲ್ಲಿ ಒಬ್ಬರೇ ದನಿ ಬದಲಿಸಿ ಹಲವು ಗೊಂಬೆಗಳ ಮಾತು ಆಡುತ್ತಾರೆ. ಹಾಗೇ ಇಲ್ಲೂ ಎರಡು ದನಿ ಇರಲಿ. ಒಂದು ಸುತ್ತಿನಲ್ಲಿ ಒಂದೇ ಸರದಿ, ಇಬ್ಬರಿಗೂ ಸೇರಿ ಒಂದೇ ಹಿಟ್ ಪಾಯಿಂಟ್. ಜೇನುಹಿಂಡಾದರೆ ಗಾಯ ಆದಂತೆ ಹುಳು ಕಮ್ಮಿ ಆಗುತ್ತವೆ, ವಿಶ್ರಾಂತಿ ಆದರೆ ತುಂಬಿಕೊಳ್ಳುತ್ತವೆ.

ದೇವರ ಪಾತ್ರ, ಜೋಗತಿಯ ಪಾತ್ರ ಆಡಬಹುದಾ?

ಅಂಜನಾದ್ರಿ ನಮ್ಮ ಕಣ್ಣ ಮುಂದಿದೆ, ಹನುಮಂತ ಆಗುತ್ತೇನೆ ಅನ್ನುವವರು ಇದ್ದೇ ಇರುತ್ತಾರೆ. ಟೇಬಲ್‌ನಲ್ಲಿ ಒಬ್ಬರಿಗೆ ಮುಜುಗರ ಆದರೂ ಬೇಡ. ಹನುಮಂತನ ಭಕ್ತನೊಬ್ಬ, ಆ ವಾನರ ಸೇನೆಯಲ್ಲಿದ್ದ ಹೆಸರಿಲ್ಲದ ಒಬ್ಬ ವಾನರ ಆಗಿ. ಆಡಲು ಜಾಗ ಅಲ್ಲೇ ಜಾಸ್ತಿ. ದೇವರ ಕಥೆ ಎಲ್ಲರಿಗೂ ಗೊತ್ತು, ಹೆಸರಿಲ್ಲದ ವಾನರನ ಕಥೆಯನ್ನು ನೀವೇ ಹೇಳಬೇಕು.

ಹುಲಿಗೆಮ್ಮನ ಜೋಗತಿಯ ಪಾತ್ರ ಬೇಕು ಅಂದವರಿಗೆ ನಾನು ಖುಷಿಯಿಂದ ಹೂಂ ಅಂದಿದ್ದೇನೆ. ಆದರೆ ಯಾಕೆ ಬೇಕು ಅಂತ ಎರಡು ಸಲ ಕೇಳಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಬದುಕಿನ ಘನತೆ, ಹಾಡು, ಕುಣಿತ, ಊರೂರು ತಿರುಗಿದ ಅನುಭವ ಪಾತ್ರದಲ್ಲಿ ಬರುವುದಾದರೆ ಅದಕ್ಕಿಂತ ಒಳ್ಳೆಯ ಬಾರ್ಡ್ (ಹಾಡುಗಾರರ ಕ್ಲಾಸ್) ನಮ್ಮ ಟೇಬಲ್‌ಗೆ ಬೇರೆ ಬೇಕಾ? ನಡಿಗೆ, ದನಿ ಅಣಕಿಸಿ ನಗಿಸುವುದಕ್ಕೆ ಆದರೆ ಖಂಡಿತ ಬೇಡ. ಜಾತಿ, ಕಸುಬು, ಅಂಗವೈಕಲ್ಯ ಎಲ್ಲದಕ್ಕೂ ಇದೇ ಮಾತು. ಆ ಜನ ನಮ್ಮ ಟೇಬಲ್‌ನಲ್ಲೇ ಕೂತಿದ್ದಾರೆ ಅಂದುಕೊಂಡು ಆಡಿ. ಎಷ್ಟೋ ಸಲ ನಿಜವಾಗಿ ಕೂತಿರುತ್ತಾರೆ.

ಟೇಬಲ್ ಮಧ್ಯೆ ಒಂದು ಎಕ್ಸ್-ಕಾರ್ಡ್ ಇಡಿ. ಜಾನ್ ಸ್ಟಾವ್ರೊಪೌಲಸ್ 2013ರಲ್ಲಿ ಕೊಟ್ಟ ಉಪಾಯ ಇದು. ಚೀಟಿ ಮೇಲೆ ಒಂದು ಎಕ್ಸ್ (X) ಗುರುತು. ಯಾರಿಗಾದರೂ ನೋವಾದರೆ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಕಾರಣ ಕೇಳಬಾರದು. ನಮ್ಮ ಕಡೆ ಹುಡುಗಿಯರು, ಚಿಕ್ಕವರು ಬಾಯಿಬಿಟ್ಟು "ಬೇಡ" ಅನ್ನಲು ಹಿಂಜರಿಯುತ್ತಾರೆ. ಚೀಟಿ ಮುಟ್ಟುವುದು ಅವರಿಗೆ ಸುಲಭ.

ಈ ಆಟದಲ್ಲಿ ಇಷ್ಟು ಲೆಕ್ಕ ಇದೆ. ವಿಚಿತ್ರ ಪಾತ್ರಗಳಿಗೇ ಸರಿಹೋಗೋ ಬೇರೆ ಆಟ ಇಲ್ವಾ?

ಇದೆ. ಫೇಟ್ ಕೋರ್, 2013ರದು, ನಿಯಮಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಪಾತ್ರ ಅಂದರೆ ಕೆಲವು ಮಾತುಗಳು. ಒಂದು ಮುಖ್ಯ ಗುರುತು, ಒಂದು ತೊಂದರೆ. "ಮಾತು ಕಲಿತ ದರೋಜಿ ಕರಡಿ" ಅಂತ ಗುರುತು ಬರೆಯಿರಿ, "ಜೇನಿನ ವಾಸನೆ ಬಂದರೆ ಬುದ್ಧಿ ನಿಲ್ಲಲ್ಲ" ಅಂತ ತೊಂದರೆ ಬರೆಯಿರಿ. ಮುಕ್ಕಾಲು ಪಾತ್ರ ಆಯಿತು. ಆ ತೊಂದರೆಯಿಂದ ನೀವು ಪೇಚಿಗೆ ಸಿಕ್ಕಾಗ ನಿಮಗೆ ಒಂದು ಫೇಟ್ ಪಾಯಿಂಟ್ ಸಿಗುತ್ತದೆ, ಆಮೇಲೆ ಬೇಕಾದಾಗ ಅದನ್ನು ಬಳಸಬಹುದು. ಹೀಗೆ ದೌರ್ಬಲ್ಯಕ್ಕೂ ಬೆಲೆ ಇರುವುದರಿಂದ ಆಟಗಾರರೇ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಲೆಕ್ಕ ಇಷ್ಟಪಡುವವರಿಗೆ 1986ರಿಂದ ಇರುವ ಗರ್ಪ್ಸ್ ಇದೆ. ಅದರಲ್ಲಿ ಶಕ್ತಿಗೆ ಪಾಯಿಂಟ್ ಖರ್ಚು, ಕೊರತೆಗೆ ಪಾಯಿಂಟ್ ವಾಪಸ್. ಹೊಸಬರಿಗೆ ನಾನು ಫೇಟ್ ಕೊಡುತ್ತೇನೆ.

ಉಳಿದವರಿಗೆ ಈ ಪಾತ್ರ ಹಿಡಿಸಲ್ಲ. ಆಗ?

ಆಟ ಶುರು ಮಾಡುವ ಮೊದಲು ಒಂದು ದಿನ ಎಲ್ಲರೂ ಬರೀ ಮಾತಾಡಲು ಸೇರಿ. ಇದಕ್ಕೆ ಸೆಷನ್ ಝೀರೋ ಅನ್ನುತ್ತಾರೆ. ಯಾವ ಥರದ ಕಥೆ, ಎಷ್ಟು ನಗು, ಎಷ್ಟು ರಕ್ತ, ಯಾವುದು ಬೇಡ, ಎಲ್ಲ ಅವತ್ತೇ ಹೇಳಿಕೊಳ್ಳಲಿ. ಹೊಟ್ಟೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇರಲಿ, ಮಾತು ಸಲೀಸಾಗಿ ಬರುತ್ತದೆ.

ಹಿಡಿಸದೆ ಇರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ, ಹೊತ್ತು. ಊರಿಗೆ ಹೋದಾಗಲೆಲ್ಲ ಜನ ಕರಡಿಯನ್ನೇ ನೋಡುತ್ತಾರೆ, ಪ್ರತಿ ಬಾಗಿಲಲ್ಲೂ ಕಾವಲುಗಾರ ಕರಡಿಯನ್ನೇ ತಡೆಯುತ್ತಾನೆ. ಮಾಮೂಲಿ ಮನುಷ್ಯನ ಪಾತ್ರ ಮಾಡಿದ ಹುಡುಗ ಸುಮ್ನೆ ಕೂತಿರುತ್ತಾನೆ. ಒಂದು ಊರಿನಲ್ಲಿ ಒಂದು ಸಲ ಆ ಗಲಾಟೆ ಆಡಿ, ಮುಂದಿನ ಊರಿನಲ್ಲಿ "ಜನ ಹೆದರಿದರು, ನೀವು ಸಮಾಧಾನ ಮಾಡಿದಿರಿ" ಅಂತ ಒಂದು ವಾಕ್ಯದಲ್ಲಿ ದಾಟಿಬಿಡಿ. ಸುಮ್ನೆ ಕೂತ ಹುಡುಗನ ಅಪ್ಪನನ್ನೋ ಹಳೆಯ ಗುರುವನ್ನೋ ಆ ಊರಿಗೆ ತನ್ನಿ. ಮಾಮೂಲಿ ಪಾತ್ರ ಆರಿಸಿಕೊಂಡವರಿಗೂ ಅಷ್ಟೇ ಕಥೆ ಸಿಗಬೇಕು.

ಇಲ್ಲ ಅಂತ ಹೇಳಲೇಬಾರದಾ?

ಹೇಳಬಹುದು. ಆ ಪಾತ್ರ ಇರುವ ತನಕ ಬೇರೆಯವರು ಆಡಲು ಏನೂ ಉಳಿಯುವುದಿಲ್ಲ ಅಂದರೆ ಇಲ್ಲ ಅನ್ನಿ. ಯಾರನ್ನಾದರೂ ಚುಚ್ಚಲೆಂದೇ ಮಾಡಿದ್ದಾದರೆ ಇಲ್ಲ ಅನ್ನಿ. ಎಲ್ಲರೂ ಸೇರಿ ಒಪ್ಪಿದ ಕಥೆಗೆ ಅದು ಕೂಡದಿದ್ದರೂ ಅಷ್ಟೇ. ಎಲ್ಲರೂ ವಿಜಯನಗರದ ಕಾಲದ ಗೂಢಚಾರರ ಕಥೆ ಆಡೋಣ ಅಂತ ಒಪ್ಪಿದ ಮೇಲೆ ಒಬ್ಬನು ರೋಬೋ ಆಗುತ್ತೇನೆ ಅಂದರೆ ಅದು ಇನ್ನೊಂದು ಆಟಕ್ಕೆ ಇರಲಿ. "ಮುಂದಿನ ಕಥೆಗೆ ಇಟ್ಟುಕೋ" ಅಂತ ಹೇಳಿ, ಹೇಳಿದ ಹಾಗೆ ಮುಂದಿನ ಕಥೆಯಲ್ಲಿ ಕೊಡಿ.

ಆಟ ಶುರುವಾಗಿ ನಾಲ್ಕು ವಾರ ಆಯ್ತು. ಈಗ ಆ ಪಾತ್ರದ ಬಲ ಜಾಸ್ತಿ ಅನ್ನಿಸ್ತಿದೆ. ಏನು ಮಾಡ್ಲಿ?

ಕಥೆಯೊಳಗೆ ಶಿಕ್ಷೆ ಕೊಡಬೇಡಿ. ಬೇಕಂತಲೇ ಅವನ ಮೇಲೆ ಜಾಸ್ತಿ ಶತ್ರು ಬಿಡುವುದು, ಅವನ ವರ ನಡೆಯದ ಜಾಗಕ್ಕೇ ಪದೇ ಪದೇ ಕರೆದುಕೊಂಡು ಹೋಗುವುದು ಆಟಗಾರರಿಗೆ ಗೊತ್ತಾಗುತ್ತದೆ, ಮನಸ್ಸಿಗೆ ನೋವಾಗುತ್ತದೆ. ಆಟದ ದಿನ ಬಿಟ್ಟು ಬೇರೆ ದಿನ, ಬೇರೆಯವರು ಇಲ್ಲದಾಗ ಫೋನ್ ಮಾಡಿ. "ಈ ಒಂದು ಶಕ್ತಿ ಉಳಿದವರಿಗೆ ಭಾರ ಆಗ್ತಿದೆ, ಇದನ್ನ ಹಿಂಗ್ ಮಾಡೋಣ್ವಾ?" ಅಂತ ನೇರವಾಗಿ ಕೇಳಿ. ಎರಡು ದಾರಿ ಮುಂದಿಡಿ, ಯಾವುದು ಬೇಕು ಅನ್ನುವುದನ್ನು ಅವರೇ ಆರಿಸಲಿ. ಬದಲಾದ ಮೇಲೆ ಎರಡು ವಾರ ಆಡಿ ನೋಡಿ. ಕಮ್ಮಿ ಮಾಡಿದ್ದು ಅತಿ ಆಯಿತು ಅನ್ನಿಸಿದರೆ ಸ್ವಲ್ಪ ವಾಪಸ್ ಕೊಡಿ. ಪಾತ್ರದ ಹಾಳೆಯನ್ನು ಪೆನ್ಸಿಲ್‌ನಲ್ಲಿ ಬರೆಸಿದ್ದರೆ ಈ ಕೆಲಸ ಇನ್ನೂ ಸುಲಭ.